ಕನ್ನಡ ಅಕ್ಷರ ಕೆಟ್ಟು ಕಂಡಾಗ: ದೋಷ ಎಲ್ಲಿದೆ ಎಂದು ಹುಡುಕುವುದು ಹೇಗೆ?

ಫೈಲ್ ತೆರೆದಿರಿ. ಕನ್ನಡ ಇರಬೇಕಾದ ಜಾಗದಲ್ಲಿ ಚೌಕಗಳಿವೆ. ಇಲ್ಲವೇ ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆಗಳಿವೆ. ಇಲ್ಲವೇ ಯಾವ ಭಾಷೆಗೂ ಸೇರದ ಲ್ಯಾಟಿನ್ ಅಕ್ಷರಗಳ ರಾಶಿ ಬಿದ್ದಿದೆ. ಏನೇ ಕಂಡರೂ ಸೇವ್ ಒತ್ತಬೇಡಿ. ಮುಚ್ಚುವಾಗ ಬದಲಾವಣೆ ಉಳಿಸಬೇಕೇ ಎಂದು ಕೇಳಿದರೆ ಬೇಡ ಎನ್ನಿ. ಆಮೇಲೆ ಫೈಲಿನ ಒಂದು ಪ್ರತಿ ಮಾಡಿಕೊಳ್ಳಿ. ಮುಂದಿನ ಪರೀಕ್ಷೆಗಳೆಲ್ಲ ಆ ಪ್ರತಿಯ ಮೇಲೆ ಮಾತ್ರ.

ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ಒಮ್ಮೆ ಒಂದು ಸಂಘದ ಸದಸ್ಯರ ಪಟ್ಟಿ ನನ್ನ ಹತ್ತಿರ ಬಂತು. ಮೂಲ ಫೈಲ್ ಚೆನ್ನಾಗಿಯೇ ಇತ್ತು. ಯಾರೋ ಅದನ್ನು ಸ್ಪ್ರೆಡ್‌ಶೀಟಿನಲ್ಲಿ ತೆರೆದಿದ್ದಾರೆ, ಹೆಸರುಗಳು ಕೆಟ್ಟು ಕಂಡಿವೆ, ಗಾಬರಿಯಲ್ಲಿ ಹಾಗೆಯೇ ಉಳಿಸಿ ಮುಚ್ಚಿದ್ದಾರೆ. ಆಮೇಲೆ ಅದು ಇನ್ನೂ ಒಂದೆರಡು ತಂತ್ರಾಂಶಗಳ ಕೈ ದಾಟಿದೆ. ರಿಪೇರಿ ಮಾಡಿದಾಗ ಬಹಳಷ್ಟು ಹೆಸರು ವಾಪಸ್ ಬಂದವು. ಆದರೆ ‘ಪುಟ್ಟಸ್ವಾಮಿ’ ಬರುವಾಗ ಕೊಂಬೂ ಇರಲಿಲ್ಲ, ಒತ್ತೂ ಇರಲಿಲ್ಲ. ‘ಮಾ’, ‘ಮಿ’ ಎಲ್ಲ ಸರಿಯಾಗಿ ಉಳಿದು, ಕೊಂಬು ಮತ್ತು ಒತ್ತು ಮಾತ್ರ ಏಕೆ ಹೋದವು? ಅದಕ್ಕೆ ಖಚಿತವಾದ ಕಾರಣ ಇದೆ. ಮುಂದೆ ಬರುತ್ತದೆ.

ಚಿತ್ರ ಬೇರೆ, ಸಂಖ್ಯೆ ಬೇರೆ

ಪರದೆಯ ಮೇಲೆ ನಾವು ಓದುವುದು ಅಕ್ಷರದ ಚಿತ್ರ. ಫೈಲಿನಲ್ಲಿ ಇರುವುದು ಸಂಖ್ಯೆ. ಚಿತ್ರ ಕೆಟ್ಟಿದೆಯೋ, ಸಂಖ್ಯೆಯೇ ಕೆಟ್ಟಿದೆಯೋ ಎಂಬುದನ್ನು ಮೊದಲು ಬೇರೆ ಮಾಡಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ. ಚಿತ್ರ ಮಾತ್ರ ಕೆಟ್ಟಿದ್ದರೆ ಫೈಲನ್ನು ಮುಟ್ಟಲೇಬಾರದು.

ಯೂನಿಕೋಡ್ ಪದ್ಧತಿಯಲ್ಲಿ ‘ಅ’ ಎಂದರೆ 3205, ‘ಕ’ ಎಂದರೆ 3221. ಕನ್ನಡದ ಪಾಲು 3200ರಿಂದ 3327ರವರೆಗೆ, ಒಟ್ಟು 128 ಮನೆ. ಈ 128ರ ಲೆಕ್ಕಕ್ಕೆ ಒಂದು ಹಿನ್ನೆಲೆ ಇದೆ. ಯೂನಿಕೋಡ್ ಬಳಕೆಗೆ ಬರುವ ಮೊದಲೇ ಭಾರತದಲ್ಲಿ ಇಸ್ಕಿ ಎಂಬ ಪದ್ಧತಿ ರೂಪುಗೊಂಡಿತ್ತು. ಭಾರತೀಯ ಮಾನಕ ಬ್ಯೂರೋ 1991ರಲ್ಲಿ ಅದನ್ನು ಐಎಸ್ 13194 ಎಂಬ ಮಾನಕವಾಗಿ ಹೊರತಂದಿತು. ಅದರಲ್ಲಿ ದೇವನಾಗರಿಯ ಕ, ತೆಲುಗಿನ ಕ, ಕನ್ನಡದ ಕ ಎಲ್ಲಕ್ಕೂ ಒಂದೇ ಸಂಖ್ಯೆ. ಲಿಪಿ ಯಾವುದು ಎಂದು ಬೇರೊಂದು ಸಂಕೇತ ಹೇಳುತ್ತಿತ್ತು. ಯೂನಿಕೋಡ್ ಇಸ್ಕಿಯ 1988ರ ಜೋಡಣೆಯನ್ನು ಆಧಾರವಾಗಿ ಇಟ್ಟುಕೊಂಡು ಪ್ರತಿ ಲಿಪಿಗೂ ಬೇರೆ ಬೇರೆ 128 ಮನೆ ಕೊಟ್ಟಿತು. ಹಾಗಾಗಿ ತೆಲುಗಿನ ಕ 3093, ಅದಕ್ಕೆ 128 ಕೂಡಿಸಿದರೆ ಕನ್ನಡದ ಕ. ಇದು ಸುಮ್ನೆ ಹೇಳಿದ ಇತಿಹಾಸ ಅಲ್ಲ. ಕೆಳಗೆ ಎರಡು ದೋಷಗಳನ್ನು ಹಿಡಿಯಲು ಇದೇ ಬೇಕಾಗುತ್ತದೆ.

ಒತ್ತಕ್ಷರಕ್ಕೆ ಬೇರೆ ಸಂಖ್ಯೆ ಇಲ್ಲ. ‘ಕ್ಷ’ ಎಂದರೆ ಕ, ಆಮೇಲೆ ಸ್ವರ ಕಳೆಯುವ ವಿರಾಮ ಚಿಹ್ನೆ, ಆಮೇಲೆ ಷ. ಅಂದರೆ 3221, 3277, 3255. ಇವನ್ನು ಸೇರಿಸಿ ಒಂದು ಅಕ್ಷರವಾಗಿ ಬರೆಯುವುದು ಫಾಂಟ್ ಮತ್ತು ಅದನ್ನು ಓಡಿಸುವ ತಂತ್ರಾಂಶದ ಕೆಲಸ. ‘ಸ್ತ್ರೀ’ ನಮ್ಮ ಕಣ್ಣಿಗೆ ಒಂದೇ ಅಕ್ಷರ. ಒಳಗೆ ಆರು ಸಂಖ್ಯೆಗಳಿವೆ.

ಈ ಸಂಖ್ಯೆಗಳನ್ನು ಫೈಲಿನಲ್ಲಿ ಇಡುವಾಗ 0ರಿಂದ 255ರೊಳಗಿನ ಸಣ್ಣ ತುಂಡುಗಳಾಗಿ, ಅಂದರೆ ಬೈಟ್‌ಗಳಾಗಿ ಒಡೆಯಬೇಕು. ಹಾಗೆ ಒಡೆಯುವ ಕ್ರಮಗಳಲ್ಲಿ ಈಗ ಎಲ್ಲೆಡೆ ಜಾಸ್ತಿ ಬಳಕೆಯಲ್ಲಿರುವುದು ಯುಟಿಎಫ್-8. ಅದರಲ್ಲಿ ಕನ್ನಡದ ಪ್ರತಿ ಸಂಖ್ಯೆಗೂ ಮೂರು ಬೈಟ್. ‘ಕ’ ಎಂದರೆ 224, 178, 149. ‘ಸ್ತ್ರೀ’ ಎಂದರೆ 18 ಬೈಟ್.

ನೋಡುವ ಉಪಕರಣ

ಎಕ್ಸೆಲ್ ಅಥವಾ ಲಿಬ್ರೆ ಆಫೀಸ್ ಸಾಕು. ಎರಡರಲ್ಲೂ ಯೂನಿಕೋಡ್ ಎಂಬ ಹೆಸರಿನದೇ ಒಂದು ಫಂಕ್ಷನ್ ಇದೆ. ಕೋಶದಲ್ಲಿರುವ ಮೊದಲ ಅಕ್ಷರದ ಸಂಖ್ಯೆಯನ್ನು ಅದು ಹೇಳುತ್ತದೆ. ಲೆನ್ ಎಂಬ ಫಂಕ್ಷನ್ ಒಟ್ಟು ಎಷ್ಟು ಸಂಕೇತ ಇವೆ ಎಂದು ಹೇಳುತ್ತದೆ. ಮಿಡ್ ಫಂಕ್ಷನ್‌ನಿಂದ ಎರಡನೆಯದು, ಮೂರನೆಯದು ಎಂದು ಒಂದೊಂದನ್ನೇ ತೆಗೆದು ನೋಡಬಹುದು. ಪೈಥಾನ್ ಬಲ್ಲವರಿಗೆ ಆರ್ಡ್ ಇದೆ. ವರ್ಡ್‌ನಲ್ಲಿ ಅಕ್ಷರದ ಪಕ್ಕ ಕರ್ಸರ್ ಇಟ್ಟು ಆಲ್ಟ್ ಮತ್ತು ಎಕ್ಸ್ ಒಟ್ಟಿಗೆ ಒತ್ತಿದರೂ ಸಂಖ್ಯೆ ಬರುತ್ತದೆ, ಆದರೆ ಹದಿನಾರರ ಲೆಕ್ಕದಲ್ಲಿ. ನನಗೆ ಲೆನ್ ಬಹಳ ಇಷ್ಟ. ಪದ ನೋಡಿ ಎಷ್ಟು ಇರಬೇಕು ಎಂದು ಬೆರಳಲ್ಲಿ ಎಣಿಸುತ್ತೇನೆ, ಅದು ಎಷ್ಟು ಎನ್ನುತ್ತದೆ ಎಂದು ನೋಡುತ್ತೇನೆ. ಎರಡೂ ಹೊಂದದಿದ್ದರೆ ಅಲ್ಲೇ ದೋಷ ಇದೆ.

‘ಕನ್ನಡ’ಕ್ಕೆ 5 ಬರಬೇಕು: ಕ, ನ, ವಿರಾಮ, ನ, ಡ. ಸಂಖ್ಯೆಗಳು 3200ರಿಂದ 3327ರ ಒಳಗೆ ಇದ್ದರೆ ಪಠ್ಯ ಕೆಟ್ಟಿಲ್ಲ, ಚಿತ್ರದ್ದೇ ತೊಂದರೆ. ಬಹುಪಾಲು 256ಕ್ಕಿಂತ ಕಡಿಮೆ ಇದ್ದರೆ ಅದು ಹಳೆ ಫಾಂಟಿನ ಪಠ್ಯ, ಇಲ್ಲವೇ ತಪ್ಪಾಗಿ ಓದಿದ ಯುಟಿಎಫ್-8. ಎರಡನೆಯದಾದರೆ ನಡುನಡುವೆ 8226ರಂಥ ದೊಡ್ಡ ಸಂಖ್ಯೆಗಳೂ ಸಿಗುತ್ತವೆ. 63 ಬಂದರೆ ಅಲ್ಲಿ ಈಗ ಇರುವುದು ಪ್ರಶ್ನಾರ್ಥಕ ಚಿಹ್ನೆ ಮಾತ್ರ, ಅಕ್ಷರ ಹೋಗಿದೆ. 65533 ಬಂದರೆ ಓದಿದ ತಂತ್ರಾಂಶಕ್ಕೆ ಆ ಜಾಗದ ಬೈಟ್ ಅರ್ಥವಾಗಿಲ್ಲ.

ಬರೀ ಚೌಕಗಳು

ಇದು ಎಲ್ಲಕ್ಕಿಂತ ಹಗುರ. ಸಂಖ್ಯೆ ಸರಿ ಇದೆ, ಆ ಯಂತ್ರದಲ್ಲಿ ಕನ್ನಡದ ಫಾಂಟ್ ಇಲ್ಲ. ವಿಂಡೋಸ್‌ನಲ್ಲಿ ತುಂಗಾ ಅಥವಾ ನಿರ್ಮಲಾ, ಬೇರೆ ಕಡೆ ನೋಟೋ ಕನ್ನಡ ಫಾಂಟ್ ಹಾಕಿ. ಕೆಲವು ಸಲ ಫಾಂಟ್ ಇದ್ದರೂ ಆ ದಾಖಲೆಯಲ್ಲಿ ಕನ್ನಡ ಇಲ್ಲದ ಫಾಂಟನ್ನು ಬಲವಂತವಾಗಿ ಆರಿಸಿರುತ್ತಾರೆ. ಪಠ್ಯವನ್ನು ಆಯ್ದು ಫಾಂಟ್ ಬದಲಿಸಿ ನೋಡಿ.

ಪುಟ್ಟ 2, ಪುಟ್ಟ 3 ಕಂಡರೆ

ಈಗ ಮುಖ್ಯವಾದ ದೋಷ. ಪರದೆ ತುಂಬ ಸಣ್ಣ ಲ್ಯಾಟಿನ್ ಎ ಅಕ್ಷರ, ಅದರ ತಲೆ ಮೇಲೆ ಒಂದು ಓರೆಗೆರೆ. ಪ್ರತಿ ಎ ಪಕ್ಕದಲ್ಲೂ ಮೇಲಕ್ಕೆ ಏರಿದ ಪುಟ್ಟ 2, ಇಲ್ಲವೇ ಪುಟ್ಟ 3. ಅದರ ಮುಂದೆ ಏನಾದರೊಂದು ಚಿಹ್ನೆ. ಹೀಗಿದ್ದರೆ ಫೈಲ್ ಯುಟಿಎಫ್-8ರಲ್ಲಿದೆ, ತೆರೆದ ತಂತ್ರಾಂಶ ಅದನ್ನು ವಿಂಡೋಸ್-1252 ಎಂಬ ಹಳೆಯ ಲ್ಯಾಟಿನ್ ಸಂಕೇತ ಪಟ್ಟಿಯಲ್ಲಿ ಓದಿದೆ. ಆ ಪಟ್ಟಿಯಲ್ಲಿ 224 ಎಂದರೆ ಓರೆಗೆರೆಯ ಎ, 178 ಎಂದರೆ ಪುಟ್ಟ 2, 149 ಎಂದರೆ ದಪ್ಪ ಚುಕ್ಕೆ. ಮೂರು ಬೈಟಿನ ಒಂದು ‘ಕ’ ಮೂರು ಚಿಹ್ನೆಯಾಗಿ ಒಡೆದಿದೆ, ಅಷ್ಟೇ. ಕನ್ನಡದ ಮೊದಲ 64 ಮನೆಗಳ ನಡುವಿನ ಬೈಟ್ 178, ಉಳಿದ 64 ಮನೆಗಳದು 179. ಆದ್ದರಿಂದಲೇ 2 ಮತ್ತು 3.

ಈ ನಡುವಿನ ಚಿಹ್ನೆ ನೋಡಿದರೆ ಕೆಟ್ಟ ಪಠ್ಯದ ಮೂಲ ಲಿಪಿ ಯಾವುದು ಎಂದೂ ಹೇಳಬಹುದು. ಜಪಾನಿನ ಯೆನ್ ಚಿಹ್ನೆ ಮತ್ತೆ ಮತ್ತೆ ಬಂದರೆ ಅದು ದೇವನಾಗರಿ. ಉಷ್ಣಾಂಶ ಬರೆಯುವಾಗ ಹಾಕುವ ಡಿಗ್ರಿ ವೃತ್ತ ಬಂದರೆ ತೆಲುಗು. ವೃತ್ತದೊಳಗಿನ ಆರ್ ಬಂದರೆ ತಮಿಳು. ಹಲವು ಭಾಷೆಗಳ ಫೈಲುಗಳು ಒಟ್ಟಿಗೆ ಕೆಟ್ಟು ಬಂದಾಗ, ಯಾವುದು ಯಾರದು ಎಂದು ವಿಂಗಡಿಸಲು ಇದು ತುಂಬಾ ನೆರವಾಗುತ್ತದೆ.

ಇದು ಜಾಸ್ತಿ ಆಗುವುದು ಅಂಕಣಗಳ ನಡುವೆ ಅಲ್ಪವಿರಾಮ ಇರುವ ಸಿಎಸ್‌ವಿ ಫೈಲನ್ನು ಎರಡು ಸಲ ಕ್ಲಿಕ್ ಮಾಡಿ ಎಕ್ಸೆಲ್‌ನಲ್ಲಿ ತೆರೆದಾಗ. ಫೈಲಿನ ತಲೆಯಲ್ಲಿ ಗುರುತಿನ ಬೈಟ್‌ಗಳು ಇಲ್ಲದಿದ್ದರೆ ಎಕ್ಸೆಲ್ ಅದನ್ನು ಯಂತ್ರದ ಹಳೆಯ ಸಂಕೇತ ಪಟ್ಟಿಯಲ್ಲಿ ಓದಿಬಿಡಬಹುದು. ಉಳಿಸದೆ ಮುಚ್ಚಿ. ಖಾಲಿ ಹಾಳೆ ತೆರೆದು, ಡೇಟಾ ಮೆನುವಿನಿಂದ ಪಠ್ಯ ಫೈಲನ್ನು ಒಳಗೆ ತನ್ನಿ. ಫೈಲಿನ ಮೂಲ ಸಂಕೇತ ಯಾವುದು ಎಂದು ಕೇಳುವ ಕಡೆ 65001 ಎಂಬ ಸಾಲನ್ನು ಆರಿಸಿ. ಅದೇ ಯುಟಿಎಫ್-8. ಮುಂದೆ ಬೇರೆಯವರಿಗೆ ಕಳಿಸುವುದಿದ್ದರೆ ಗುರುತು ಸಮೇತ ಉಳಿಸಿ. ಆ ಗುರುತು ಮೂರು ಬೈಟ್: 239, 187, 191. ಇದ್ದರೆ ಎಕ್ಸೆಲ್ ತಾನಾಗಿಯೇ ಸರಿ ಓದುತ್ತದೆ. ಆದರೆ ಕೆಲವು ತಂತ್ರಾಂಶಗಳು ಅದನ್ನು ಮೊದಲ ಅಂಕಣದ ಹೆಸರಿಗೆ ಅಂಟಿಸಿಕೊಳ್ಳುತ್ತವೆ. ಮೊದಲ ಅಂಕಣ ಮಾತ್ರ ಸಿಗುತ್ತಿಲ್ಲ ಎಂಬ ದೂರು ಬಂದರೆ ಆ ಹೆಸರಿನ ಮೊದಲ ಸಂಕೇತ 65279 ಇದೆಯೇ ನೋಡಿ.

ಕೆಟ್ಟಿದ್ದನ್ನೇ ಉಳಿಸಿಬಿಟ್ಟಿದ್ದರೆ? ಆಗ ಹಿಂದಕ್ಕೆ ನಡೆಯಬೇಕು. ಆ ಪಠ್ಯವನ್ನು ವಿಂಡೋಸ್-1252 ಆಗಿ ಬೈಟ್‌ಗಳಿಗೆ ಇಳಿಸಿ, ಅದೇ ಬೈಟ್‌ಗಳನ್ನು ಯುಟಿಎಫ್-8 ಎಂದು ಓದಿಸಿ. ಪೈಥಾನ್‌ನಲ್ಲಿ ಒಂದು ಸಾಲಿನ ಕೆಲಸ. ಒಳ್ಳೆಯ ಪಠ್ಯ ಸಂಪಾದಕಗಳಲ್ಲೂ ಆಗುತ್ತದೆ. ತಲೆ ಮೇಲೆ ಅಲೆಗೆರೆ ಇರುವ ದೊಡ್ಡ ಎ ಮತ್ತೆ ಮತ್ತೆ ಕಂಡರೆ ಇದೇ ತಪ್ಪು ಎರಡು ಸಲ ನಡೆದಿದೆ ಎಂದರ್ಥ. ಎರಡು ಸಲ ಹಿಂದಕ್ಕೆ ನಡೆಯಿರಿ.

ಈಗ ಪುಟ್ಟಸ್ವಾಮಿಯ ವಿಷಯ. ವಿಂಡೋಸ್-1252 ಪಟ್ಟಿಯಲ್ಲಿ ಐದು ಮನೆಗಳಿಗೆ ಯಾವ ಅಕ್ಷರವೂ ಇಲ್ಲ: 129, 141, 143, 144, 157. ಕನ್ನಡದ ಕೊಂಬಿನ ಕೊನೆಯ ಬೈಟ್ 129. ಒತ್ತಿಗೆ ಬೇಕಾದ ವಿರಾಮ ಚಿಹ್ನೆಯ ಕೊನೆಯ ಬೈಟ್ 141. ಏ, ಐ, ಝ ಅಕ್ಷರಗಳದು 143, 144, 157. ಕೆಲವು ತಂತ್ರಾಂಶಗಳು ಈ ಖಾಲಿ ಮನೆಗಳನ್ನು ಹಾಗೆಯೇ ದಾಟಿಸುತ್ತವೆ, ಆಗ ಎಲ್ಲ ವಾಪಸ್ ಬರುತ್ತದೆ. ಕೆಲವು ಅಲ್ಲಿಗೆ ಬೇರೆ ಚಿಹ್ನೆ ಹಾಕುತ್ತವೆ, ಇಲ್ಲವೇ ಎಸೆದುಬಿಡುತ್ತವೆ. ಆಗ ಕನ್ನಡದಲ್ಲಿ ಹೆಜ್ಜೆ ಹೆಜ್ಜೆಗೂ ಬರುವ ಕೊಂಬು, ಒತ್ತು ಎರಡೂ ಹೋಗುತ್ತವೆ. ಇನ್ನೂ ಎರಡು ಅಕ್ಷರಗಳ ಮೇಲೆ ಕಣ್ಣಿಡಿ. ‘ಠ’ದ ಕೊನೆಯ ಬೈಟ್ 160. ಅದು ಖಾಲಿ ಜಾಗದ ಒಂದು ಬಗೆ, ಹಾಗಾಗಿ ಅಂಚಿನ ಖಾಲಿ ಜಾಗ ಕತ್ತರಿಸುವಾಗ ಹೋಗಬಹುದು. ‘ಭ’ದ್ದು 173. ಅದು ಕಣ್ಣಿಗೆ ಕಾಣದ ಪದಭಾಗದ ಗೆರೆ, ನಕಲು ಮಾಡುವಾಗ ಉದುರಬಹುದು.

ಹೀಗೆ ಹೋದದ್ದನ್ನು ತರುವ ದಾರಿ ಪೂರ್ತಿ ಮುಚ್ಚಿಲ್ಲ. 224, 179 ಉಳಿದು ಮೂರನೆಯ ಬೈಟ್ ಮಾತ್ರ ಹೋಗಿದ್ದರೆ ಅಲ್ಲಿದ್ದುದು ಕೊಂಬು, ಇಲ್ಲವೇ ವಿರಾಮ ಚಿಹ್ನೆ. ಎರಡರಲ್ಲಿ ಒಂದು. ಸ ಮತ್ತು ವಾ ನಡುವೆ ಖಾಲಿ ಇದ್ದರೆ ‘ಸ್ವಾ’ ಎಂದು ಯಾರಾದರೂ ಹೇಳಬಹುದು. ಪ ಆದ ಮೇಲೆ ಖಾಲಿ ಇದ್ದರೆ ಪದ ಓದಿ ಊಹಿಸಬೇಕು. ನಾನು ಆ ಪಟ್ಟಿಯನ್ನು ಹಾಗೆಯೇ, ಒಂದೊಂದು ಹೆಸರನ್ನೂ ಓದಿ ಸರಿ ಮಾಡಿದೆ. ಜನರ ಹೆಸರಲ್ಲವೇ, ಊಹೆ ತಪ್ಪಬಾರದು. ಅನುಮಾನ ಬಂದ ಕಡೆ ಸಂಘದವರನ್ನೇ ಕೇಳಿ ಬರೆದುಕೊಂಡೆ.

ಪ್ರಶ್ನಾರ್ಥಕ ಚಿಹ್ನೆ ಬಂದರೆ ಎಣಿಸಿ

‘ಕನ್ನಡ’ ಇದ್ದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು ಮಾತ್ರ ಇದ್ದರೆ ಅವು ಎಷ್ಟಿವೆ ಎಂದು ಎಣಿಸಿ. ಐದಿದ್ದರೆ, ಪಠ್ಯವನ್ನು ಸರಿಯಾಗಿ ಓದಿದ ಮೇಲೆ ಕನ್ನಡವೇ ಇಲ್ಲದ ಪಟ್ಟಿಗೆ ಅದನ್ನು ತುರುಕಲಾಗಿದೆ. ಡೇಟಾಬೇಸಿನ ಅಂಕಣ ಲ್ಯಾಟಿನ್ ಮಾತ್ರ ಹಿಡಿಯುವಂಥದ್ದಾದರೆ ಹೀಗಾಗುತ್ತದೆ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಅಂಕಣವನ್ನು ಎಲ್ಲ ಲಿಪಿ ಹಿಡಿಯುವ ಎನ್‌ವಾರ್‌ಚಾರ್ ಮಾಡಿದರೂ, ಬರೆಯುವ ಪಠ್ಯದ ಮುಂದೆ ಎನ್ ಅಕ್ಷರ ಹಾಕಲು ಮರೆತರೆ ಇದೇ ಫಲ. ಹದಿನೈದಿದ್ದರೆ ಬೈಟ್ ಬೈಟಿಗೂ ಒಂದೊಂದು ಚಿಹ್ನೆ ಬಂದಿದೆ. ಅಂದರೆ ಓದುವ ಹಂತದಲ್ಲೇ ತಪ್ಪಾಗಿದೆ. ಮೊದಲನೆಯದರಲ್ಲಿ ಬರೆಯುವ ಕಡೆ ಹುಡುಕಿ, ಎರಡನೆಯದರಲ್ಲಿ ಓದುವ ಕಡೆ.

ಫೈಲಿನಲ್ಲೇ 63 ಕೂತಿದ್ದರೆ ಅದರಿಂದ ಏನೂ ತೆಗೆಯಲಾಗದು. ಹಿಂದಿನ ಪ್ರತಿ ಹುಡುಕಬೇಕು. ಇಲ್ಲಿ ಒಂದು ಮಾತು: ಎಷ್ಟೋ ಜನ ಪರಿವರ್ತಕಗಳನ್ನು ಒಂದಾದ ಮೇಲೆ ಒಂದು ಓಡಿಸಿ ದಿನ ಕಳೆಯುತ್ತಾರೆ. ಮೊದಲೇ ಸಂಖ್ಯೆ ನೋಡಿದ್ದರೆ ಆ ಶ್ರಮ ಉಳಿಯುತ್ತಿತ್ತು.

ಕಪ್ಪು ಹರಳಿನೊಳಗೆ ಪ್ರಶ್ನಾರ್ಥಕ ಚಿಹ್ನೆ ಇರುವುದು ಬೇರೆಯೇ. ಅದು 65533. ಓದುವ ತಂತ್ರಾಂಶ ಅದನ್ನು ಪರದೆಯ ಮೇಲೆ ಮಾತ್ರ ಹಾಕಿರಬಹುದು, ಫೈಲಿನಲ್ಲಿ ಮೂಲ ಬೈಟ್‌ಗಳು ಹಾಗೆಯೇ ಇರಬಹುದು. ಬೇರೆ ಸಂಕೇತ ಆರಿಸಿ ಮತ್ತೆ ತೆರೆದು ನೋಡಿ. ಇನ್ನು ಆಂಪರ್ಸ್ಯಾಂಡ್, ಹ್ಯಾಷ್, ಆಮೇಲೆ 3221, ಕೊನೆಗೆ ಸೆಮಿಕೋಲನ್ ಕಂಡರೆ ನೆಮ್ಮದಿಯಾಗಿರಿ. ಅದು ವೆಬ್ ಪುಟಕ್ಕಾಗಿ ಬರೆದ ‘ಕ’. ಪೂರ್ತಿ ಸುರಕ್ಷಿತ, ಒಮ್ಮೆ ಬಿಡಿಸಿ ಓದಿಸಿದರೆ ಸಾಕು.

ಪೌಂಡ್ ಚಿಹ್ನೆ, ದೊಡ್ಡ ಎ: ಹಳೆ ಫಾಂಟಿನ ಪಠ್ಯ

ಇದನ್ನೂ ಪುಟ್ಟ 2ರ ದೋಷವನ್ನೂ ಜನ ಒಂದೇ ಎಂದುಕೊಳ್ಳುತ್ತಾರೆ. ಎರಡಕ್ಕೂ ಸಂಬಂಧ ಇಲ್ಲ. ಯೂನಿಕೋಡ್ ಕೈಗೆ ಬರುವ ಮೊದಲು ಕನ್ನಡವನ್ನು ಫಾಂಟಿನಲ್ಲೇ ಅಡಗಿಸಿ ಬರೆಯುತ್ತಿದ್ದರು. ಲ್ಯಾಟಿನ್ ಅಕ್ಷರದ ಮನೆಯಲ್ಲಿ ಕನ್ನಡ ಅಕ್ಷರದ ಒಂದು ತುಂಡಿನ ಚಿತ್ರ ಕೂರಿಸುತ್ತಿದ್ದರು. ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿ ತಲೆಕಟ್ಟಿಗೆ 192ನೇ ಮನೆ. ಫಾಂಟ್ ತೆಗೆದರೆ ಅಲ್ಲಿ ಓರೆಗೆರೆಯ ದೊಡ್ಡ ಎ ಕಾಣುತ್ತದೆ. ‘ಕನ್ನಡ’ ಎಂಬ ಪದ ಅಲ್ಲಿ ಹೀಗಿರುತ್ತದೆ: 80, 192, 163, 192, 223, 113, 192. ಲೆನ್ ಕೇಳಿದರೆ 5 ಅಲ್ಲ, 7. ನಡುವೆ ಪೌಂಡ್ ಚಿಹ್ನೆ, ಕೊನೆಯಲ್ಲಿ ತಲೆಕಟ್ಟಿನ ದೊಡ್ಡ ಎ. ಪುಟ್ಟ 2 ಪುಟ್ಟ 3ರ ಸಾಲು ಇಲ್ಲಿ ಇರುವುದಿಲ್ಲ. ಇಷ್ಟು ನೋಡಿದರೆ ಯಾವುದು ಯಾವುದೆಂದು ತಪ್ಪುವುದೇ ಇಲ್ಲ.

ಇದು ಕೆಟ್ಟ ಫೈಲ್ ಅಲ್ಲ. ಅದೇ ಫಾಂಟ್ ಹಾಕಿದರೆ ಸರಿ ಕಾಣುತ್ತದೆ. ಆದರೆ ಹುಡುಕಲು, ವಿಂಗಡಿಸಲು, ವೆಬ್‌ನಲ್ಲಿ ಹಾಕಲು ಬರುವುದಿಲ್ಲ, ಆದ್ದರಿಂದ ಯೂನಿಕೋಡಿಗೆ ಬದಲಿಸಲೇಬೇಕು. ಪರಿವರ್ತಕಗಳಿವೆ. ಯಾವ ಫಾಂಟಿನ ಪಠ್ಯವೋ ಅದೇ ಫಾಂಟಿನ ಪರಿವರ್ತಕ ಬೇಕು, ಏಕೆಂದರೆ ಎಲ್ಲ ಹಳೆ ಫಾಂಟುಗಳ ಮನೆಗಳೂ ಒಂದೇ ಅಲ್ಲ. ದಾಖಲೆಯಲ್ಲಿ ನಡುವೆ ಇಂಗ್ಲಿಷ್ ಇದ್ದರೆ ಎಚ್ಚರ. ಪರಿವರ್ತಕಕ್ಕೆ ಎರಡೂ ಲ್ಯಾಟಿನ್ ಸಂಖ್ಯೆಗಳೇ, ಇಂಗ್ಲಿಷ್ ಪದಗಳನ್ನೂ ಕನ್ನಡ ಮಾಡಿಬಿಡುತ್ತದೆ. ಫಾಂಟಿನ ಹೆಸರು ನೋಡಿ, ಆ ಭಾಗವನ್ನು ಮಾತ್ರ ಬದಲಿಸಿ.

ಬದಲಿಸಿದ ಮೇಲೆ ಅರ್ಕಾವತ್ತನ್ನು ಪರೀಕ್ಷಿಸಿ. ಕಣ್ಣಿಗೆ ಕಾಣುವ ಕ್ರಮದಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಹಳೆ ಫಾಂಟಿನಲ್ಲೂ ಹಾಗೆಯೇ ಕೂತಿರುತ್ತದೆ. ಯೂನಿಕೋಡಿನಲ್ಲಿ ರ ಮತ್ತು ವಿರಾಮ ಚಿಹ್ನೆ ಮೊದಲು ಬರಬೇಕು. ಪರಿವರ್ತಕ ಇದನ್ನು ತಿರುಗಿಸಿ ಜೋಡಿಸಬೇಕು, ಅಲ್ಲೇ ಎಡವುತ್ತದೆ. ‘ವರ್ಷ’, ‘ಕರ್ನಾಟಕ’, ‘ಪೂರ್ತಿ’ ಇಂಥ ನಾಲ್ಕು ಪದ ಹುಡುಕಿ ನೋಡಿದರೆ ಪರಿವರ್ತಕದ ಗುಣ ತಿಳಿಯುತ್ತದೆ.

ಚುಕ್ಕೆಗಳ ವೃತ್ತ, ಬಿಡಿಬಿಡಿಯಾದ ಒತ್ತು

ಅಕ್ಷರದ ಪಕ್ಕ ಚುಕ್ಕೆ ಚುಕ್ಕೆಯ ವೃತ್ತ ಕಂಡರೆ, ಸ್ವರ ಚಿಹ್ನೆಗೆ ಆಸರೆಯಾಗಲು ವ್ಯಂಜನ ಸಿಕ್ಕಿಲ್ಲ ಎಂದು ತಂತ್ರಾಂಶ ಹೇಳುತ್ತಿದೆ. ವೃತ್ತ ಸಾಮಾನ್ಯವಾಗಿ ಪಠ್ಯದಲ್ಲಿ ಇರುವುದಿಲ್ಲ, ಅಳಿಸಲು ಹೋಗಬೇಡಿ. ಅದರ ಹಿಂದಿನ ಸಂಕೇತ ನೋಡಿ. ಖಾಲಿ ಜಾಗ ಸೇರಿರಬಹುದು, ಎರಡು ಸ್ವರ ಚಿಹ್ನೆ ಒಟ್ಟಿಗೆ ಬಂದಿರಬಹುದು. ಇನ್ನೊಂದು ಕಾರಣವನ್ನು ಹಿಡಿಯುವುದು ಕಷ್ಟ: ವ್ಯಂಜನ ತೆಲುಗಿನದು, ಸ್ವರ ಚಿಹ್ನೆ ಕನ್ನಡದ್ದು. ರ, ಲ, ಜ ಇವೆಲ್ಲ ಎರಡೂ ಲಿಪಿಯಲ್ಲಿ ಹತ್ತಿರ ಹತ್ತಿರ. ಫೋನಿನ ಕೀಲಿಮಣೆ ತೆಲುಗಿಗೆ ಹೊರಳಿದ್ದು ಗೊತ್ತಾಗುವುದಿಲ್ಲ. ಕನ್ನಡದ ರ 3248 ಇರಬೇಕು. 3120 ಬಂದರೆ, ಅಂದರೆ ಸರಿಯಾಗಿ 128 ಕಡಿಮೆ ಬಂದರೆ, ಅದು ತೆಲುಗಿನದು. 128 ಕೂಡಿಸಿದರೆ ಸರಿಹೋಗುತ್ತದೆ.

ಒತ್ತುಗಳು ಒಂದರ ಕೆಳಗೆ ಒಂದು ಕೂರದೆ ಬಿಡಿಬಿಡಿಯಾಗಿ ಕಂಡರೆ ಅದು ಚಿತ್ರ ಬಿಡಿಸುವ ತಂತ್ರಾಂಶದ ತೊಂದರೆ. ವಿನ್ಯಾಸದ ತಂತ್ರಾಂಶಗಳಲ್ಲಿ ಜಾಸ್ತಿ. ಫೋಟೋಶಾಪ್, ಇನ್‌ಡಿಸೈನ್‌ಗಳಲ್ಲಿ ವರ್ಲ್ಡ್ ರೆಡಿ ಎಂಬ ಜೋಡಣೆಯನ್ನು ಆರಿಸಿ.

‘ರ‍್ಯಾಲಿ’ ಬರೆಯಲು ಹೋಗಿ ‘ರ್ಯಾಲಿ’ ಆಯಿತು ಎನ್ನುವುದು ಇಲ್ಲಿಗೇ ಸೇರುತ್ತದೆ. ರ, ವಿರಾಮ, ಯ ಎಂದು ಬರೆದರೆ ಅರ್ಕಾವತ್ತು ಬರುವುದೇ ನಿಯಮ. ಅರ್ಕಾವತ್ತು ಬೇಡ, ರಕಾರದ ಕೆಳಗೇ ಯ ಒತ್ತು ಬೇಕು ಎಂದಾದರೆ ರ ಆದ ಕೂಡಲೇ ಕಣ್ಣಿಗೆ ಕಾಣದ ಒಂದು ಜೋಡಿಸುವ ಸಂಕೇತ ಹಾಕಬೇಕು. ಅದರ ಸಂಖ್ಯೆ 8205. ಕ್ರಮ ಮುಖ್ಯ: ರ, 8205, ವಿರಾಮ, ಯ. 8205 ವಿರಾಮದ ನಂತರ ಕೂತಿದ್ದರೆ ಫಲ ಖಚಿತವಿಲ್ಲ.

ಕಣ್ಣೆದುರಿಗೇ ಇದೆ, ಹುಡುಕಿದರೆ ಸಿಗುತ್ತಿಲ್ಲ

ನನ್ನ ಮಟ್ಟಿಗೆ ಇದು ಎಲ್ಲಕ್ಕಿಂತ ಕಾಡುವ ದೋಷ. ಏಕೆಂದರೆ ಏನೂ ಕೆಟ್ಟು ಕಾಣುವುದಿಲ್ಲ. ಪದ ಅಚ್ಚುಕಟ್ಟಾಗಿ ಕೂತಿದೆ, ಹುಡುಕಿದರೆ ಇಲ್ಲ ಎನ್ನುತ್ತದೆ. ಎರಡು ಪಟ್ಟಿ ತಾಳೆ ನೋಡಿದರೆ ಒಂದೇ ಹೆಸರು ಎರಡೂ ಕಡೆ ಒಂಟಿಯಾಗಿ ನಿಲ್ಲುತ್ತದೆ.

ಮೊದಲು ಸ್ವರ ಚಿಹ್ನೆ ಅನುಮಾನಿಸಿ. ‘ಕೋ’ ಎಂದು ಮೂರು ರೀತಿ ಬರೆಯಬಹುದು. ಕ ಮತ್ತು ಓತ್ವ: 3221, 3275. ಕ, ಒತ್ವ, ದೀರ್ಘ: 3221, 3274, 3285. ಕ, ಎತ್ವ, ಊಕಾರದ ಕೊಂಬು, ದೀರ್ಘ: 3221, 3270, 3266, 3285. ಪರದೆಯಲ್ಲಿ ಮೂರೂ ಒಂದೇ. ಲೆನ್ ಕೇಳಿದರೆ 2, 3, 4. ಗುಡಿಸಿನ ದೀರ್ಘ, ಏತ್ವ, ಐತ್ವಗಳಿಗೂ ಇದೇ ಗತಿ. ಪರಿಹಾರ ಸುಲಭ. ಎನ್‌ಎಫ್‌ಸಿ ಎಂಬ ಏಕರೂಪಗೊಳಿಸುವ ವಿಧಾನ ಇದೆ, ಅದು ಮೂರನ್ನೂ ಮೊದಲ ರೂಪಕ್ಕೆ ತರುತ್ತದೆ. ಪಟ್ಟಿಗೆ ಸೇರಿಸುವಾಗಲೂ ಹುಡುಕುವಾಗಲೂ ಎರಡೂ ಕಡೆ ಓಡಿಸಬೇಕು. ಒಂದೇ ಕಡೆ ಓಡಿಸಿದರೆ ದೋಷ ಇನ್ನೂ ಜಾಸ್ತಿ ಆಗುತ್ತದೆ.

ಎನ್‌ಎಫ್‌ಸಿ ಮುಟ್ಟದ ಎರಡು ವಿಷಯ ಇವೆ. ಒಂದು ಸೊನ್ನೆ. ಅನುಸ್ವಾರ 3202, ಕನ್ನಡ ಅಂಕಿಯ ಸೊನ್ನೆ 3302. ಬಹಳ ಫಾಂಟುಗಳಲ್ಲಿ ಎರಡೂ ಅಚ್ಚು ಒಂದೇ. ಕೀಲಿ ತಪ್ಪಿ ಒತ್ತಿದರೂ ಬರುತ್ತದೆ, ಅಚ್ಚಿನ ಪುಟವನ್ನು ಸ್ಕ್ಯಾನ್ ಮಾಡಿ ಪಠ್ಯ ಮಾಡಿದಾಗಲೂ ಬರುತ್ತದೆ. ವ್ಯಂಜನದ ಅಥವಾ ಸ್ವರದ ಬೆನ್ನಿಗೇ 3302 ಕಂಡರೆ ಅದು ಅನುಸ್ವಾರ ಇರಬೇಕಾದ ಜಾಗ ಎಂದು ಧೈರ್ಯವಾಗಿ ಬದಲಿಸಬಹುದು.

ಎರಡನೆಯದು 8204, ಕಣ್ಣಿಗೆ ಕಾಣದ ಬಿಡಿಸುವ ಸಂಕೇತ. ‘ಸಾಫ್ಟ್‌ವೇರ್’ ಪದದಲ್ಲಿ ಟ ಕೆಳಗೆ ವ ಒತ್ತು ಬಾರದಂತೆ ತಡೆಯುವುದು ಇದೇ. ಇಲ್ಲದಿದ್ದರೆ ‘ಸಾಫ್ಟ್ವೇರ್’ ಆಗುತ್ತದೆ. ಒಬ್ಬರು ಹಾಕುತ್ತಾರೆ, ಇನ್ನೊಬ್ಬರು ಹಾಕುವುದಿಲ್ಲ. ಕೆಲವು ತಂತ್ರಾಂಶಗಳು ಕಾಣದ ಸಂಕೇತ ಕಸ ಎಂದು ತೆಗೆದುಹಾಕುತ್ತವೆ. ಕನ್ನಡದಲ್ಲಿ ಅದು ಕಸ ಅಲ್ಲ, ಕಾಗುಣಿತದ ಭಾಗ. ನನ್ನ ಸಲಹೆ ಇದು: ಪಠ್ಯದಲ್ಲಿ ಅದನ್ನು ಉಳಿಸಿ, ಹುಡುಕಾಟಕ್ಕೆಂದು ಇಡುವ ಪ್ರತಿಯಲ್ಲಿ ಮಾತ್ರ 8204, 8205 ಎರಡನ್ನೂ ತೆಗೆಯಿರಿ.

ಹಳಗನ್ನಡದ ‘ೞ’ ಹುಡುಕುವವರಿಗೆ ಒಂದು ಸುಳಿವು. 3294ನೇ ಮನೆಯಲ್ಲಿದೆ. ಆದರೆ ಯೂನಿಕೋಡ್ ಪಟ್ಟಿಯಲ್ಲಿ ಅದರ ಹೆಸರು ತಪ್ಪಾಗಿ ‘ಫ’ ಎಂದು ನಮೂದಾಗಿದೆ. ಒಮ್ಮೆ ಕೊಟ್ಟ ಹೆಸರನ್ನು ಯೂನಿಕೋಡ್ ಬದಲಿಸುವುದಿಲ್ಲ, ತಿದ್ದುಪಡಿಯಾಗಿ ಇನ್ನೊಂದು ಹೆಸರು ಸೇರಿಸಿದೆ ಅಷ್ಟೇ. ಹೆಸರಿನಿಂದ ಹುಡುಕಿ ಸಿಗದೆ, ಅಕ್ಷರವೇ ಇಲ್ಲ ಎಂದುಕೊಂಡು ಬಿಡಬೇಡಿ.

ಕೊನೆ ಕತ್ತರಿಸಿದೆ, ಕ್ರಮ ತಪ್ಪಿದೆ

ವಾಕ್ಯದ ಕೊನೆಯಲ್ಲಿ ಹರಳಿನ ಚಿಹ್ನೆ ಇದ್ದರೆ, ಜಾಗ ಬೈಟ್ ಲೆಕ್ಕದಲ್ಲಿದೆ ಎಂದು ತಿಳಿಯಿರಿ. 30 ಬೈಟಿನ ಅಂಕಣದಲ್ಲಿ ಹತ್ತೇ ಕನ್ನಡ ಸಂಕೇತ ಹಿಡಿಯುತ್ತವೆ. ಇಂಗ್ಲಿಷ್ ಹೆಸರಿಗೆ ಸಾಕಾದ ಜಾಗ ಕನ್ನಡಕ್ಕೆ ಸಾಲದು, ಮೂರು ಪಟ್ಟು ಕೊಡಿ. ಕತ್ತರಿಸಲೇಬೇಕಾದರೆ ಬೈಟ್ ಎಣಿಸಿ ಅಲ್ಲ, ಸಂಕೇತ ಎಣಿಸಿಯೂ ಅಲ್ಲ, ಪೂರ್ತಿ ಅಕ್ಷರ ನೋಡಿ ಕತ್ತರಿಸಿ. ಇಲ್ಲದಿದ್ದರೆ ‘ಸ್ತ್ರೀ’ ಹೋಗಿ ‘ಸ್ತ್’ ಉಳಿಯುತ್ತದೆ. ಫೋನಿನ ಎಸ್‌ಎಂಎಸ್‌ನಲ್ಲೂ ಹೀಗೆಯೇ. ಬರೀ ಇಂಗ್ಲಿಷ್ ಆದರೆ 160 ಸಂಕೇತ, ಒಂದೇ ಒಂದು ಕನ್ನಡ ಅಕ್ಷರ ಸೇರಿದರೂ ಇಡೀ ಸಂದೇಶದ ಮಿತಿ 70ಕ್ಕೆ ಇಳಿಯುತ್ತದೆ. ಸಂದೇಶ ಎರಡಾಗಿ ಹೋಗುತ್ತಿದೆ ಎಂಬ ದೂರಿನ ಮೂಲ ಇದೇ.

ವಿಂಗಡಣೆಯಲ್ಲಿ ‘ಕಳೆ’ ಮೊದಲು, ‘ಕವಿ’ ಆಮೇಲೆ ಬಂದರೆ ಅದು ಸಂಖ್ಯೆಯ ಕ್ರಮ. ವರ್ಣಮಾಲೆಯಲ್ಲಿ ಳ ಕೊನೆಗೆ ಬರುತ್ತದೆ, ಅಲ್ವಾ? ಸಂಖ್ಯೆಯಲ್ಲಿ ಲ 3250, ಳ 3251, ವ 3253. ಇಸ್ಕಿಯ ಒಂದೇ ಜೋಡಣೆಯನ್ನು ಎಲ್ಲ ಲಿಪಿಗೂ ಹಾಸಿದಾಗ ಳ ಅಲ್ಲಿ ಬಿತ್ತು. ನಿಘಂಟಿನ ಕ್ರಮ ಬೇಕಿದ್ದರೆ ವಿಂಗಡಣೆಗೆ ಬೇರೆ ನಿಯಮ ಬರೆದುಕೊಡಬೇಕು. ಪಠ್ಯದ ಸಂಖ್ಯೆಯನ್ನು ಬದಲಿಸಬಾರದು.

ಪಿಡಿಎಫ್‌ನಿಂದ ನಕಲು ಮಾಡಿದಾಗ ಅಕ್ಷರ ಹಿಂದುಮುಂದಾದರೆ ಹೆಚ್ಚು ಹೊತ್ತು ಕಳೆಯಬೇಡಿ. ಪಿಡಿಎಫ್ ಚಿತ್ರಗಳನ್ನು ಇಡುತ್ತದೆ. ಯಾವ ಚಿತ್ರ ಯಾವ ಸಂಖ್ಯೆ ಎಂಬ ಪಟ್ಟಿ ಅದರಲ್ಲಿ ಇಲ್ಲದಿರಬಹುದು, ಅರೆಬರೆ ಇರಬಹುದು. ಮೂಲ ದಾಖಲೆ ಕೇಳಿ ಪಡೆಯಿರಿ. ಸಿಗದಿದ್ದರೆ ಪುಟವನ್ನು ಚಿತ್ರ ಮಾಡಿ, ಕನ್ನಡ ಓದಬಲ್ಲ ಟೆಸೆರಾಕ್ಟ್‌ನಂಥ ತಂತ್ರಾಂಶದಿಂದ ಪಠ್ಯ ತೆಗೆಯಿರಿ. ಆಮೇಲೆ ಮೇಲೆ ಹೇಳಿದ ಸೊನ್ನೆಯ ಪರೀಕ್ಷೆ ಮಾಡಿ.

ಬೇರೆಯವರ ನೆರವು ಕೇಳುವಾಗ

ಪರದೆಯ ಫೋಟೋ ಮಾತ್ರ ಕಳಿಸಬೇಡಿ. ಅದರಲ್ಲಿ ಚಿತ್ರ ಇರುತ್ತದೆ, ಸಂಖ್ಯೆ ಇರುವುದಿಲ್ಲ. ಕೆಟ್ಟ ಸಾಲನ್ನು ಸಂದೇಶದಲ್ಲಿ ಅಂಟಿಸಿಯೂ ಕಳಿಸಬೇಡಿ, ದಾರಿಯಲ್ಲಿ ಕಾಣದ ಸಂಕೇತಗಳು ಉದುರಬಹುದು. ಮುಟ್ಟದ ಮೂಲ ಫೈಲನ್ನು ಜಿಪ್ ಮಾಡಿ ಕಳಿಸಿ. ಜೊತೆಗೆ ಒಂದು ಕೆಟ್ಟ ಪದ ಆರಿಸಿ, ಅದು ಏನಾಗಿರಬೇಕಿತ್ತು ಎಂದು ಬರೆಯಿರಿ, ಅದರ ಲೆನ್ ಎಷ್ಟು ಬಂತು, ಮೊದಲ ನಾಲ್ಕು ಸಂಖ್ಯೆ ಯಾವುವು ಎಂದು ಬರೆಯಿರಿ. ಫೈಲ್ ಯಾವ ತಂತ್ರಾಂಶದಿಂದ ಹೊರಟು ಯಾವ ಯಾವುದರಲ್ಲಿ ತೆರೆದಿರಿ, ಎಲ್ಲಿ ಉಳಿಸಿದಿರಿ ಎಂಬುದೂ ಇರಲಿ. ಇಷ್ಟು ಕೈಯಲ್ಲಿದ್ದರೆ ನೋಡುವವರು ಫೈಲ್ ತೆರೆಯುವ ಮೊದಲೇ ದೋಷ ಯಾವ ಹಂತದಲ್ಲಿದೆ ಎಂದು ಗುರುತಿಸಬಲ್ಲರು.